ವಿದ್ಯಾರ್ಥಿವೇತನ ಪರೀಕ್ಷೆಗಳಿಗೆ ಗ್ರಾಮೀಣ ಮಕ್ಕಳ ಸಿದ್ಧತೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಚಿಕ್ಕಬಳ್ಳಾಪುರ ಜಿಲ್ಲೆಗೆ ವಿದ್ಯಾರ್ಥಿವೇತನದ ಬೆಲೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ಶಿಕ್ಷಣ ಪಡೆದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತಮ್ಮ ವೆಚ್ಚವನ್ನು ತಾವೇ ನಿಭಾಯಿಸಿದರು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಲು ಅವರಿಗೆ ನೆರವಾದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಪ್ರೌಢಶಾಲೆ ಸೇರಲು 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಇಂದಿನ ಮಕ್ಕಳು ಅಷ್ಟು ದೂರ ನಡೆಯಬೇಕಾಗಿಲ್ಲ. ಆದರೆ ಅವರಿಗೆಂದೇ ಇರುವ ನೆರವು ಅವರ ಕೈಗೆ ತಲುಪದೆ ಹೋಗುವ ಸಂದರ್ಭಗಳು ಈಗಲೂ ಇವೆ.

ಅಂತಹ ನಷ್ಟ ಬಹುಪಾಲು ಪರೀಕ್ಷಾ ಕೊಠಡಿಯಲ್ಲಿ ಆಗುವುದಿಲ್ಲ. ಪರೀಕ್ಷೆಗೆ ಮುಂಚೆ ಅರ್ಜಿ ಸಲ್ಲಿಕೆಯಾಗದಿರುವುದು, ಆದಾಯ ಪ್ರಮಾಣಪತ್ರ ಇಲ್ಲದಿರುವುದು, ಅರ್ಹತೆ ಕಳೆಯುವಂತಹ ಶಾಲೆಗೆ ಮಗುವನ್ನು ವರ್ಗಾಯಿಸುವುದು, ಪರೀಕ್ಷೆಯ ನಂತರ ನೋಂದಣಿ ಅಥವಾ ನವೀಕರಣವನ್ನು ಮರೆಯುವುದು ಇವೇ ಮುಖ್ಯ ಕಾರಣಗಳು. ಇವೆಲ್ಲವೂ ಗ್ರಾಮ ಪಂಚಾಯಿತಿಯ ಕಣ್ಣಳತೆಯಲ್ಲಿ ನಡೆಯುವ ಸಂಗತಿಗಳು. ಆದ್ದರಿಂದ ಮಕ್ಕಳ ಸಿದ್ಧತೆಯ ಜೊತೆಗೆ ಈ ಹಂತಗಳ ಬಗೆಗೂ ಸದಸ್ಯರಿಗೆ ಸ್ಪಷ್ಟ ತಿಳಿವಳಿಕೆ ಇರುವುದು ಅಗತ್ಯ.

1. ಪರೀಕ್ಷೆಗಳಲ್ಲಿ ಮೂರು ಬಗೆ

ಗ್ರಾಮಗಳಲ್ಲಿ ‘ಸ್ಕಾಲರ್‌ಶಿಪ್ ಪರೀಕ್ಷೆ’ ಎಂಬ ಒಂದೇ ಹೆಸರಿನಿಂದ ಕರೆಯಲಾಗುವ ಪರೀಕ್ಷೆಗಳು ವಾಸ್ತವದಲ್ಲಿ ಮೂರು ಬೇರೆ ಬೇರೆ ಉದ್ದೇಶದವು.

ಮೊದಲನೆಯದು, ಉತ್ತೀರ್ಣರಾದ ಮಗುವಿನ ಖಾತೆಗೆ ನೇರವಾಗಿ ಹಣ ಜಮೆಯಾಗುವ ಸರ್ಕಾರಿ ವಿದ್ಯಾರ್ಥಿವೇತನ ಪರೀಕ್ಷೆ. 8ನೇ ತರಗತಿಯ ಮಕ್ಕಳಿಗಾಗಿ ನಡೆಯುವ ಎನ್‌ಎಂಎಂಎಸ್ ಇದರಲ್ಲಿ ಪ್ರಮುಖ. ಎರಡನೆಯದು, ಹಣದ ಬದಲು ಉಚಿತ ವಸತಿ ಶಿಕ್ಷಣ ದೊರಕಿಸುವ ಪ್ರವೇಶ ಪರೀಕ್ಷೆ. 5ನೇ ತರಗತಿಯ ಮಕ್ಕಳು ಬರೆಯುವ ನವೋದಯ ಹಾಗೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪರೀಕ್ಷೆಗಳು ಈ ಗುಂಪಿಗೆ ಸೇರುತ್ತವೆ. ಮೂರನೆಯದು, ಖಾಸಗಿ ಶಾಲೆಗಳು ಮತ್ತು ತರಬೇತಿ ಸಂಸ್ಥೆಗಳು ತಾವೇ ನಡೆಸುವ ಪರೀಕ್ಷೆ. ಇದರಲ್ಲಿ ಮಗುವಿಗೆ ಹಣ ಬರುವುದಿಲ್ಲ. ಆ ಸಂಸ್ಥೆಗೆ ಪೋಷಕರು ಕಟ್ಟಬೇಕಾದ ಶುಲ್ಕದಲ್ಲಿ ಒಂದಷ್ಟು ಕಡಿತವಾಗುತ್ತದೆ.

ಈ ಮೂರನ್ನೂ ಬೇರೆಯಾಗಿ ನೋಡದಿದ್ದರೆ ಒಂದನ್ನು ಪಡೆಯುವ ಆತುರದಲ್ಲಿ ಮತ್ತೊಂದನ್ನು ಕಳೆದುಕೊಳ್ಳುವ ಸಂಭವವಿದೆ.

2. ಎನ್‌ಎಂಎಂಎಸ್: ನಾಲ್ಕು ವರ್ಷಗಳ ನೆರವು

ಕುಟುಂಬದ ಆದಾಯ ಮತ್ತು ಮಗುವಿನ ಪ್ರತಿಭೆ ಎರಡನ್ನೂ ಪರಿಗಣಿಸುವ ಈ ಯೋಜನೆಯನ್ನು ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿತು. 8ನೇ ತರಗತಿಯ ನಂತರ ಬಡ ಮಕ್ಕಳು ಶಾಲೆ ಬಿಡುವುದನ್ನು ತಡೆಯುವುದು ಇದರ ಉದ್ದೇಶ. ದೇಶದಾದ್ಯಂತ ಪ್ರತಿ ವರ್ಷ ಹೊಸದಾಗಿ 1 ಲಕ್ಷ ವಿದ್ಯಾರ್ಥಿವೇತನಗಳು ಲಭ್ಯವಿವೆ. ಆರಂಭದಲ್ಲಿ ವರ್ಷಕ್ಕೆ 6,000 ರೂಪಾಯಿ ಇದ್ದ ಮೊತ್ತವನ್ನು 2017ರ ಏಪ್ರಿಲ್‌ನಿಂದ 12,000 ರೂಪಾಯಿಗೆ ಹೆಚ್ಚಿಸಲಾಗಿದೆ. 9ರಿಂದ 12ನೇ ತರಗತಿಯವರೆಗೆ ನಾಲ್ಕು ವರ್ಷ ಮುಂದುವರಿದರೆ ಒಟ್ಟು 48,000 ರೂಪಾಯಿ ಒಂದು ಮಗುವಿಗೆ ದೊರೆಯುತ್ತದೆ. ಕರ್ನಾಟಕದಲ್ಲಿ ಪರೀಕ್ಷೆಯ ಹೊಣೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯದು. ಅರ್ಜಿಯನ್ನು ಮುಖ್ಯ ಶಿಕ್ಷಕರು ಶಾಲೆಯ ಲಾಗಿನ್ ಮೂಲಕ ಸಲ್ಲಿಸುತ್ತಾರೆ.

ಅರ್ಹತೆಯ ಮುಖ್ಯ ಅಂಶಗಳು ಇಂತಿವೆ:

• ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ 8ನೇ ತರಗತಿ ಓದುತ್ತಿರಬೇಕು.
• 7ನೇ ತರಗತಿಯಲ್ಲಿ ಕನಿಷ್ಠ ಶೇ. 55 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದ ಮಕ್ಕಳಿಗೆ ಶೇ. 5ರ ಸಡಿಲಿಕೆಯಿದೆ.
• ಪೋಷಕರ ಎಲ್ಲ ಮೂಲಗಳ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು.
• ಅನುದಾನರಹಿತ ಖಾಸಗಿ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆ ಹಾಗೂ ಸರ್ಕಾರವೇ ಊಟ, ವಸತಿ ಒದಗಿಸುವ ವಸತಿ ಶಾಲೆಗಳ ಮಕ್ಕಳಿಗೆ ಅವಕಾಶವಿಲ್ಲ.

ಈ ಕೊನೆಯ ಅಂಶವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಅನೇಕ ಗ್ರಾಮಗಳಲ್ಲಿ ಹಿರಿಯ ಪ್ರಾಥಮಿಕ ಶಾಲೆ 7ನೇ ತರಗತಿಗೆ ಮುಗಿಯುತ್ತದೆ. 8ನೇ ತರಗತಿಗೆ ಮಗು ಬೇರೆ ಊರಿಗೆ ಹೋಗಲೇಬೇಕು. ಶಾಲೆ ಬದಲಿಸುವ ಆ ಬೇಸಿಗೆಯಲ್ಲಿಯೇ ಪೋಷಕರು ಖಾಸಗಿ ಪ್ರೌಢಶಾಲೆಯ ಯೋಚನೆ ಮಾಡುತ್ತಾರೆ. ಖಾಸಗಿ ಅನುದಾನರಹಿತ ಶಾಲೆಗೆ ಸೇರಿದ ದಿನದಿಂದಲೇ ಮಗು ಎನ್‌ಎಂಎಂಎಸ್ ಅರ್ಹತೆಯನ್ನು ಕಳೆದುಕೊಳ್ಳುತ್ತದೆ ಎಂಬುದು ಆಗ ಅವರಿಗೆ ತಿಳಿದಿರಬೇಕು. ಉತ್ತೀರ್ಣರಾದ ನಂತರ 9ನೇ ತರಗತಿಗೋ ಪಿಯುಸಿಗೋ ಅಂತಹ ಸಂಸ್ಥೆಗೆ ಸೇರಿದರೂ ಇದೇ ಪರಿಣಾಮ. ಯಾವ ಶಾಲೆ ಎಂಬುದು ಪೋಷಕರ ನಿರ್ಧಾರ. ಆ ನಿರ್ಧಾರಕ್ಕೆ ಮೊದಲು ಪೂರ್ಣ ಮಾಹಿತಿ ಸಿಗಬೇಕಾದುದು ಅವರ ಹಕ್ಕು.

3. ಖಾಸಗಿ ಶಾಲೆಗಳ ‘ಸ್ಕಾಲರ್‌ಶಿಪ್’ ಪರೀಕ್ಷೆ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಪಟ್ಟಣಗಳ ಸುತ್ತಲಿನ ಗ್ರಾಮಗಳ ಪೋಷಕರಿಗೆ ಇಂತಹ ಪರೀಕ್ಷೆಗಳ ಕರಪತ್ರಗಳು ಅಪರಿಚಿತವಲ್ಲ. ನಿಜವಾಗಿಯೂ ಪೂರ್ಣ ಶುಲ್ಕ ಮನ್ನಾ ಮಾಡಿ ಬಡ ಪ್ರತಿಭಾವಂತರನ್ನು ಓದಿಸುವ ಸಂಸ್ಥೆಗಳೂ ಇವೆ. ಆದ್ದರಿಂದ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಒಪ್ಪಿಕೊಳ್ಳುವ ಮೊದಲು ಪೋಷಕರು ಈ ಐದು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

• ರಿಯಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರವೇ, ಇಲ್ಲವೇ ವಾಹನ, ಪುಸ್ತಕ, ಸಮವಸ್ತ್ರ, ಹಾಸ್ಟೆಲ್ ವೆಚ್ಚಕ್ಕೂ ಅನ್ವಯಿಸುತ್ತದೆಯೇ?
• ರಿಯಾಯಿತಿ ಒಂದು ವರ್ಷಕ್ಕೋ, ವ್ಯಾಸಂಗ ಮುಗಿಯುವವರೆಗೋ?
• ಮುಂದುವರಿಯಲು ಪ್ರತಿ ವರ್ಷ ಎಷ್ಟು ಅಂಕ ಪಡೆಯಬೇಕು? ಒಂದು ವರ್ಷ ಕಡಿಮೆಯಾದರೆ ಏನಾಗುತ್ತದೆ?
• ನಡುವೆ ಶಾಲೆ ಬಿಟ್ಟರೆ ಕಟ್ಟಿದ ಹಣ ಮತ್ತು ವರ್ಗಾವಣೆ ಪ್ರಮಾಣಪತ್ರದ ಗತಿಯೇನು?
• ಪರೀಕ್ಷೆಗೆ ನೋಂದಣಿ ಶುಲ್ಕವಿದೆಯೇ? ಹಳೆಯ ಪ್ರಶ್ನೆಪತ್ರಿಕೆ ಕೊಡುತ್ತಾರೆಯೇ?

ಒಂದು ಸರಳ ಲೆಕ್ಕ ಇಲ್ಲಿ ಉಪಯುಕ್ತ. ಉದಾಹರಣೆಗೆ, ವರ್ಷಕ್ಕೆ 60,000 ರೂಪಾಯಿ ಶುಲ್ಕದ ಶಾಲೆಯೊಂದು ಅರ್ಧದಷ್ಟು ರಿಯಾಯಿತಿ ನೀಡಿತೆಂದು ಭಾವಿಸೋಣ. ಕುಟುಂಬಕ್ಕೆ 30,000 ರೂಪಾಯಿ ‘ಉಳಿತಾಯ’ವಾದಂತೆ ಕಾಣುತ್ತದೆ. ಆದರೆ ಸರ್ಕಾರಿ ಪ್ರೌಢಶಾಲೆಯಲ್ಲಿ ಎನ್‌ಎಂಎಂಎಸ್ ಪಡೆಯುತ್ತಿರುವ ಮಗು ಈ ಶಾಲೆಗೆ ಸೇರಿದರೆ, ಕುಟುಂಬ 30,000 ರೂಪಾಯಿಯನ್ನು ಕೈಯಿಂದ ಕಟ್ಟುವುದಲ್ಲದೆ, ಬರುತ್ತಿದ್ದ 12,000 ರೂಪಾಯಿಯನ್ನೂ ಬಿಟ್ಟುಕೊಡುತ್ತದೆ. ವರ್ಷದ ವ್ಯತ್ಯಾಸ 42,000 ರೂಪಾಯಿ. ಗೂಡಿನ ಧಾರಣೆ, ಟೊಮೆಟೊ ಬೆಲೆ ಕುಸಿದ ವರ್ಷ ಈ ಹೊರೆಯನ್ನು ಹೊರಲಾಗದೆ ಮಗುವನ್ನು ನಡುವಿನಲ್ಲಿ ಬಿಡಿಸಬೇಕಾಗಬಹುದು. ಈ ಲೆಕ್ಕವನ್ನು ಮೊದಲೇ ಮಾಡಿದ ಕುಟುಂಬ ಯಾವ ನಿರ್ಧಾರ ಕೈಗೊಂಡರೂ ಕಣ್ತೆರೆದು ಕೈಗೊಂಡಂತಾಗುತ್ತದೆ.

ಕಾನೂನಿನ ಒಂದು ಅಂಶವೂ ತಿಳಿದಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಪ್ರಕರಣದಂತೆ, ಪ್ರಾಥಮಿಕ ಶಿಕ್ಷಣದ ಹಂತದಲ್ಲಿ, ಅಂದರೆ 1ರಿಂದ 8ನೇ ತರಗತಿಯವರೆಗೆ, ಪ್ರವೇಶಕ್ಕಾಗಿ ಖಾಸಗಿ ಶಾಲೆಗಳು ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆ, ಸಂದರ್ಶನಗಳಿಗೆ ಒಳಪಡಿಸುವಂತಿಲ್ಲ. ಕ್ಯಾಪಿಟೇಷನ್ ಶುಲ್ಕ ಪಡೆಯುವಂತಿಲ್ಲ. ಪ್ರವೇಶಕ್ಕೆ ಪರೀಕ್ಷೆ ನಡೆಸಿದರೆ ಮೊದಲ ಬಾರಿಗೆ 25,000 ರೂಪಾಯಿ, ನಂತರದ ಪ್ರತಿ ಬಾರಿಗೆ 50,000 ರೂಪಾಯಿವರೆಗೆ ದಂಡವಿದೆ. ‘ಸ್ಕಾಲರ್‌ಶಿಪ್ ಪರೀಕ್ಷೆ’ ಎಂಬ ಹೆಸರಿನಲ್ಲಿ ಪ್ರವೇಶವನ್ನೇ ನಿರ್ಧರಿಸುತ್ತಿದ್ದರೆ ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತರಬಹುದು.

4. 5ನೇ ತರಗತಿಯ ಮಕ್ಕಳಿಗೆ ಇರುವ ಎರಡು ದಾರಿಗಳು

ಜವಾಹರ್ ನವೋದಯ ವಿದ್ಯಾಲಯದ 6ನೇ ತರಗತಿಗೆ ನಡೆಯುವ ಆಯ್ಕೆ ಪರೀಕ್ಷೆಯಲ್ಲಿ 2 ಗಂಟೆ ಅವಧಿ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ಕನ್ನಡದಲ್ಲಿಯೇ ಬರೆಯಬಹುದು. ಕನಿಷ್ಠ ಶೇ. 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಗ್ರಾಮೀಣ ಕೋಟಾಕ್ಕೆ 3, 4 ಮತ್ತು 5ನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಪೂರ್ಣವಾಗಿ ಓದಿರಬೇಕು. ಒಂದು ವರ್ಷಕ್ಕೆಂದು ಮಗುವನ್ನು ಪಟ್ಟಣದ ಶಾಲೆಗೆ ಸೇರಿಸಿದರೂ ಈ ಮೀಸಲಾತಿ ಕೈತಪ್ಪುತ್ತದೆ. ಈ ಪರೀಕ್ಷೆಯನ್ನು ಎರಡನೇ ಬಾರಿ ಬರೆಯಲು ಅವಕಾಶವಿಲ್ಲ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದ ರಾಜ್ಯದ ವಸತಿ ಶಾಲೆಗಳ 6ನೇ ತರಗತಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರವೇಶ ಪರೀಕ್ಷೆ ನಡೆಸುತ್ತದೆ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಿಂದ ಪ್ರಶ್ನೆಗಳಿರುತ್ತವೆ. ಊಟ, ವಸತಿ, ಪಠ್ಯಪುಸ್ತಕ, ಸಮವಸ್ತ್ರ ಉಚಿತ. ಇಲ್ಲಿ ಸೇರಿದ ಮಗುವಿಗೆ ಎನ್‌ಎಂಎಂಎಸ್ ಇಲ್ಲವಾದರೂ ವಸತಿ ಶಿಕ್ಷಣದ ಪೂರ್ಣ ವೆಚ್ಚವನ್ನು ಸರ್ಕಾರ ಭರಿಸುವುದರಿಂದ ಕುಟುಂಬಕ್ಕೆ ನಷ್ಟವಿಲ್ಲ.

5. ಮಗುವಿನ ಸಿದ್ಧತೆ

ಎನ್‌ಎಂಎಂಎಸ್‌ನಲ್ಲಿ ಎರಡು ಪತ್ರಿಕೆಗಳಿವೆ. ‘ಮ್ಯಾಟ್’ ಎಂಬ ಮಾನಸಿಕ ಸಾಮರ್ಥ್ಯ ಪರೀಕ್ಷೆಗೆ 90 ಪ್ರಶ್ನೆ, 90 ನಿಮಿಷ. ‘ಸ್ಯಾಟ್’ ಎಂಬ ಪಠ್ಯಾಧಾರಿತ ಪರೀಕ್ಷೆಗೂ 90 ಪ್ರಶ್ನೆ, 90 ನಿಮಿಷ. ಇದರಲ್ಲಿ 7 ಮತ್ತು 8ನೇ ತರಗತಿಯ ವಿಜ್ಞಾನ, ಸಮಾಜ ವಿಜ್ಞಾನ ಮತ್ತು ಗಣಿತ ಸೇರಿವೆ. ಎರಡೂ ಪತ್ರಿಕೆ ಸೇರಿ ಕನಿಷ್ಠ ಶೇ. 40, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 32 ಅಂಕ ಬೇಕು. ಇದು ಅರ್ಹತೆಯ ಗಡಿ ಮಾತ್ರ. ಆಯ್ಕೆ ಮೀಸಲಾತಿಗೆ ಅನುಗುಣವಾಗಿ ಅಂಕಗಳ ಕ್ರಮದಲ್ಲಿ ನಡೆಯುತ್ತದೆ.

ಮ್ಯಾಟ್ ಪತ್ರಿಕೆಗೆ ಪಠ್ಯಪುಸ್ತಕವಿಲ್ಲ. ಸಂಖ್ಯಾ ಸರಣಿ, ಗುಂಪಿಗೆ ಸೇರದ ಪದ, ಸಂಕೇತ ಭಾಷೆ, ದಿಕ್ಕು, ರಕ್ತಸಂಬಂಧ, ಕನ್ನಡಿ ಬಿಂಬ, ಅಡಗಿರುವ ಆಕೃತಿ ಮುಂತಾದ ಮಾದರಿಗಳು ಬರುತ್ತವೆ. ಉದಾಹರಣೆಗೆ 2, 6, 12, 20, 30 ಎಂಬ ಸರಣಿಯ ಮುಂದಿನ ಸಂಖ್ಯೆ ಯಾವುದು? ವ್ಯತ್ಯಾಸಗಳು 4, 6, 8, 10 ಆಗಿರುವುದರಿಂದ ಮುಂದಿನ ವ್ಯತ್ಯಾಸ 12, ಉತ್ತರ 42. ಒಬ್ಬ ಬಾಲಕಿ ಉತ್ತರಕ್ಕೆ 4 ಕಿ.ಮೀ. ನಡೆದು, ಬಲಕ್ಕೆ ತಿರುಗಿ 3 ಕಿ.ಮೀ. ನಡೆದರೆ ಹೊರಟ ಸ್ಥಳದಿಂದ ಎಷ್ಟು ದೂರದಲ್ಲಿರುತ್ತಾಳೆ? ನೆಲದ ಮೇಲೆ ಗೆರೆ ಎಳೆದು ತೋರಿಸಿದರೆ ಉತ್ತರ 5 ಕಿ.ಮೀ. ಎಂಬುದು ಮಗುವಿಗೆ ಮನದಟ್ಟಾಗುತ್ತದೆ. ಇಂತಹ ಪ್ರಶ್ನೆಗಳಲ್ಲಿ ಜಾಣತನಕ್ಕಿಂತ ಪರಿಚಯ ಮುಖ್ಯ. ದಿನಕ್ಕೆ 10 ಪ್ರಶ್ನೆಯಂತೆ ಜೂನ್‌ನಿಂದ ಅಭ್ಯಾಸ ಮಾಡಿದ ಮಗುವಿಗೆ ಪ್ರಶ್ನೆಯ ಮಾದರಿ ಕಂಡೊಡನೆ ದಾರಿ ಹೊಳೆಯುತ್ತದೆ.

ಸಿದ್ಧತೆಯನ್ನು ಮೂರು ಹಂತಗಳಲ್ಲಿ ಯೋಜಿಸಬಹುದು. ಶಾಲೆ ಆರಂಭವಾದಾಗಿನಿಂದ ದಸರಾ ರಜೆಯವರೆಗೆ ದಿನವೂ ಅರ್ಧ ಗಂಟೆ ಮ್ಯಾಟ್ ಮಾದರಿಗಳು ಹಾಗೂ 7ನೇ ತರಗತಿಯ ಪಾಠಗಳ ಪುನರಾವರ್ತನೆ. ದಸರಾ ರಜೆಯಲ್ಲಿ ಗಣಿತ ಮತ್ತು ವಿಜ್ಞಾನದ ಹಿಂದುಳಿದ ಭಾಗಗಳು. ಅಲ್ಲಿಂದ ಪರೀಕ್ಷೆಯವರೆಗೆ ವಾರಕ್ಕೊಂದು ಪೂರ್ಣ ಪತ್ರಿಕೆ, ಗಡಿಯಾರ ಮುಂದಿಟ್ಟುಕೊಂಡು. ಒಂದು ಪ್ರಶ್ನೆಗೆ ಒಂದೇ ನಿಮಿಷ ಇರುವುದರಿಂದ, ಬಾರದ ಪ್ರಶ್ನೆಯನ್ನು ಬಿಟ್ಟು ಮುಂದೆ ಸಾಗಿ ಕೊನೆಗೆ ಹಿಂದಿರುಗುವ ರೂಢಿ ಬೆಳೆಯಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದನ್ನು ಹಳ್ಳಿಯ ಮಗು ಮೊದಲ ಬಾರಿಗೆ ಪರೀಕ್ಷಾ ಕೊಠಡಿಯಲ್ಲಿ ಕಲಿಯುವಂತಾಗಬಾರದು. ಮಾದರಿ ಹಾಳೆಯ ಜೆರಾಕ್ಸ್ ಪ್ರತಿಗಳಲ್ಲಿ ಹತ್ತು ಬಾರಿಯಾದರೂ ಅಭ್ಯಾಸವಾಗಿರಬೇಕು.

6. ಜಿಲ್ಲೆಯ ಎರಡು ವಿಶೇಷ ಅಡಚಣೆಗಳು

ಮೊದಲನೆಯದು ಭಾಷೆ. ಈ ಜಿಲ್ಲೆಯ ಅನೇಕ ಮನೆಗಳಲ್ಲಿ ತೆಲುಗು, ಶಿಡ್ಲಘಟ್ಟ ಮತ್ತು ಚಿಂತಾಮಣಿಯ ಹಲವು ಮನೆಗಳಲ್ಲಿ ಉರ್ದು ಮಾತನಾಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದುವ ಇಂತಹ ಮಗುವಿಗೆ ಲೆಕ್ಕ ಗೊತ್ತಿದ್ದರೂ ಪ್ರಶ್ನೆಯ ವಾಕ್ಯ ತೊಡಕಾಗುತ್ತದೆ. ‘ಇವುಗಳಲ್ಲಿ ಯಾವುದು ಸರಿಯಲ್ಲ’, ‘ಕೆಳಗಿನವುಗಳನ್ನು ಹೊರತುಪಡಿಸಿ’ ಎಂಬ ಮಾತುಗಳಲ್ಲಿಯೇ ಅಂಕ ಹೋಗುತ್ತದೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸಿ, ‘ಇಲ್ಲಿ ಏನು ಕೇಳಿದ್ದಾರೆ’ ಎಂಬುದನ್ನು ಮನೆಮಾತಿನಲ್ಲಿ ಹೇಳಿಸಿ, ಬಳಿಕ ಉತ್ತರ ಬಿಡಿಸುವ ಕ್ರಮ ಇದಕ್ಕೆ ಸರಳ ಪರಿಹಾರ. ಅಕ್ಷರ ಬಲ್ಲ ಅಕ್ಕ, ಅಣ್ಣಂದಿರೂ ಇದನ್ನು ಮಾಡಿಸಬಹುದು.

ಎರಡನೆಯದು ಸಮಯ. ರೇಷ್ಮೆ ಸಾಕುವ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಚಂದ್ರಿಕೆಗೆ ಬಿಡುವವರೆಗಿನ ದಿನಗಳಲ್ಲಿ ಸೊಪ್ಪಿನ ಕೆಲಸ ಹಗಲಿರುಳೂ ಇರುತ್ತದೆ. ಮಕ್ಕಳ ಕೈಯೂ ಬೇಕಾಗುತ್ತದೆ. ಆ ವಾರ ಮಗು ಓದಲಿಲ್ಲವೆಂದು ಬೈಯುವುದರಿಂದ ಪ್ರಯೋಜನವಿಲ್ಲ. ಬೆಳೆಯ ದಿನಗಳನ್ನು ಮೊದಲೇ ಲೆಕ್ಕ ಹಾಕಿ, ಹಿಂದಿನ ವಾರ ಹೆಚ್ಚು ಅಭ್ಯಾಸ ಮಾಡಿಸಿ, ಆ ವಾರ ಶಾಲೆ ತಪ್ಪದಂತೆ ಮಾತ್ರ ನೋಡಿಕೊಳ್ಳುವುದು ಸಾಧ್ಯ. ಪರೀಕ್ಷೆಯ ದಿನ ಮತ್ತು ಅದರ ಹಿಂದಿನ ವಾರ ಹುಳು ಕೊನೆಯ ಹಂತಕ್ಕೆ ಬಾರದಂತೆ ಚಾಕಿ ತರುವ ದಿನವನ್ನು ಹೊಂದಿಸಿಕೊಳ್ಳುವಂತೆ ಸದಸ್ಯರು ಪೋಷಕರಿಗೆ ಸಲಹೆ ನೀಡಬಹುದು.

7. ದಾಖಲೆಗಳು

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಅರ್ಜಿ ಅವಧಿಗೆ ಮೊದಲೇ ಪಡೆದಿರಬೇಕು. ಆದಾಯ ಪ್ರಮಾಣಪತ್ರದ ಮಾನ್ಯತೆ 5 ವರ್ಷ; ಅವಧಿ ಮುಗಿದಿದೆಯೇ ಎಂದು ದಿನಾಂಕ ನೋಡಬೇಕು. ಆಧಾರ್, ಶಾಲಾ ದಾಖಲೆ ಮತ್ತು ಬ್ಯಾಂಕ್ ಪಾಸ್‌ಪುಸ್ತಕ ಮೂರರಲ್ಲೂ ಮಗುವಿನ ಹೆಸರು ಮತ್ತು ಹುಟ್ಟಿದ ದಿನಾಂಕ ಒಂದೇ ಆಗಿರಬೇಕು. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವಷ್ಟು ಸಣ್ಣ ವ್ಯತ್ಯಾಸವೂ ಮುಂದೆ ತೊಡಕು ತರಬಹುದು. ಮಗುವಿನ ಹೆಸರಿನಲ್ಲಿ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿರಬೇಕು. 15 ವರ್ಷ ತುಂಬಿದಾಗ ಆಧಾರ್‌ನ ಬೆರಳಚ್ಚು ಮತ್ತು ಕಣ್ಣಿನ ಗುರುತುಗಳನ್ನು ನವೀಕರಿಸುವುದು ಕಡ್ಡಾಯ. ಪ್ರೌಢಶಾಲೆಯ ಮಕ್ಕಳು ಇದೇ ವಯಸ್ಸಿನವರು.

8. ತೇರ್ಗಡೆಯಾದ ನಂತರ

ಫಲಿತಾಂಶ ಬಂದು, ಶಾಲೆಯಲ್ಲಿ ಹಾರ ಹಾಕಿ, ಫೋಟೊ ತೆಗೆದ ಮಾತ್ರಕ್ಕೆ ಹಣ ಬರುವುದಿಲ್ಲ. 8ನೇ ತರಗತಿಯಲ್ಲಿ ಶೇ. 55 ಅಂಕ, ಪರಿಶಿಷ್ಟರಿಗೆ ಶೇ. 50, ಇರಬೇಕು. 9ನೇ ತರಗತಿಗೆ ಸೇರಿದ ಬಳಿಕ ಆಯ್ಕೆಯಾದ ಮಗು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಸಲ್ಲಿಸಬೇಕು. ಆ ಅರ್ಜಿಯನ್ನು ಮೊದಲು ಶಾಲೆಯ ನೋಡಲ್ ಅಧಿಕಾರಿ, ನಂತರ ಜಿಲ್ಲಾ ನೋಡಲ್ ಅಧಿಕಾರಿ ಪರಿಶೀಲಿಸಬೇಕು. ಎರಡರಲ್ಲಿ ಒಂದು ಹಂತ ನಿಂತರೂ ಹಣ ನಿಲ್ಲುತ್ತದೆ. 10, 11 ಮತ್ತು 12ನೇ ತರಗತಿಗಳಲ್ಲಿ ಪ್ರತಿ ವರ್ಷ ನವೀಕರಣ ಅಗತ್ಯ. 9ರಿಂದ 10ಕ್ಕೆ ಮತ್ತು 11ರಿಂದ 12ಕ್ಕೆ ಮೊದಲ ಪ್ರಯತ್ನದಲ್ಲಿಯೇ ತೇರ್ಗಡೆಯಾಗಬೇಕು. 10ನೇ ತರಗತಿಯಲ್ಲಿ ಶೇ. 60, ಪರಿಶಿಷ್ಟರಿಗೆ ಶೇ. 55 ಅಂಕ ಬೇಕು.

ಹೆಚ್ಚಿನ ಎಚ್ಚರ ಬೇಕಾದುದು ಎರಡು ಕಡೆ. 8ನೇ ತರಗತಿ ಮುಗಿಸಿ ಮಗು ಶಾಲೆ ಬದಲಿಸಿದಾಗ ಹಳೆಯ ಶಾಲೆಗೆ ಹೊಣೆಯಿರುವುದಿಲ್ಲ, ಹೊಸ ಶಾಲೆಗೆ ಮಾಹಿತಿಯಿರುವುದಿಲ್ಲ. 10ನೇ ತರಗತಿ ಮುಗಿಸಿ ಪದವಿಪೂರ್ವ ಕಾಲೇಜಿಗೆ ಸೇರಿದಾಗಲೂ ಹೀಗೆಯೇ. ಈ ಎರಡು ಹೊಸ್ತಿಲುಗಳಲ್ಲಿ ಮಗುವಿನ ಜೊತೆ ಊರಿನವರೊಬ್ಬರು ನಿಲ್ಲಬೇಕು.

9. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

• ಏಪ್ರಿಲ್–ಮೇ: 5 ಮತ್ತು 7ನೇ ತರಗತಿ ಮುಗಿಸಿದ ಮಕ್ಕಳ ಪಟ್ಟಿಯನ್ನು ವಾರ್ಡ್‌ವಾರು ಪಡೆದು, ಯಾವ ಮಗು ಯಾವ ಶಾಲೆಗೆ ಸೇರಲಿದೆ ಎಂದು ತಿಳಿಯುವುದು. ಪೋಷಕರಿಗೆ ಈ ಲೇಖನದ 2 ಮತ್ತು 3ನೇ ಭಾಗಗಳ ಮಾಹಿತಿ ನೀಡುವುದು.
• ಜೂನ್–ಜುಲೈ: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಅರ್ಹ ಮಕ್ಕಳ ಪಟ್ಟಿಯನ್ನು ಮಂಡಿಸಲು ಕೋರುವುದು. ದಾಖಲೆ ಇಲ್ಲದವರಿಗೆ ನಾಡಕಚೇರಿಯ ಕೆಲಸ ಮುಗಿಸಿಕೊಡುವುದು.
• ಅರ್ಜಿ ಅವಧಿಯಲ್ಲಿ: ಪಟ್ಟಿಯಲ್ಲಿರುವ ಪ್ರತಿ ಮಗುವಿನ ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ಮುಖ್ಯ ಶಿಕ್ಷಕರಿಂದ ಖಚಿತಪಡಿಸಿಕೊಳ್ಳುವುದು. ‘ಬುದ್ಧಿವಂತ ಮಕ್ಕಳು’ ಎಂದು ಕೆಲವರನ್ನಷ್ಟೇ ಆರಿಸದೆ ಅರ್ಹರೆಲ್ಲರಿಗೂ ಅವಕಾಶ ಸಿಗುವಂತೆ ನೋಡಿಕೊಳ್ಳುವುದು.
• ವರ್ಷವಿಡೀ: ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಹಳೆಯ ಪ್ರಶ್ನೆಪತ್ರಿಕೆ, ಓಎಂಆರ್ ಮಾದರಿ ಹಾಳೆ ಇರಿಸುವುದು, ಸಂಜೆಯ ವೇಳೆ ಅಭ್ಯಾಸಕ್ಕೆ ಬೆಳಕು, ಮೇಜು ಒದಗಿಸುವುದು. ಊರಿನ ಪದವೀಧರ ಯುವಜನರು ವಾರಕ್ಕೊಂದು ಸಂಜೆ ನೆರವಾಗುವಂತೆ ಕೋರುವುದು.
• ಪರೀಕ್ಷೆಯ ದಿನ: ಕೇಂದ್ರ ದೂರವಿದ್ದರೆ ಮಕ್ಕಳ ಪ್ರಯಾಣಕ್ಕೆ ಮುಂಚಿತವಾಗಿ ವ್ಯವಸ್ಥೆ ಮಾಡುವುದು.
• ಮಕ್ಕಳ ಗ್ರಾಮ ಸಭೆಯಲ್ಲಿ: ವಿದ್ಯಾರ್ಥಿವೇತನ ಯಾರಿಗೆ ಬಂದಿದೆ, ಯಾರಿಗೆ ನಿಂತಿದೆ ಎಂದು ಮಕ್ಕಳಿಂದಲೇ ಕೇಳಿ ನಡವಳಿಯಲ್ಲಿ ದಾಖಲಿಸುವುದು.

ಈ ಕೆಲಸಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ನೋಟ್‌ಪುಸ್ತಕ ಸಾಕು. ಮಗುವಿನ ಹೆಸರು, ತರಗತಿ, ಪ್ರಮಾಣಪತ್ರದ ಅವಧಿ, ಅರ್ಜಿಯ ದಿನಾಂಕ, ಫಲಿತಾಂಶ, ಪೋರ್ಟಲ್ ನೋಂದಣಿ, ಮೂರು ವರ್ಷಗಳ ನವೀಕರಣ ಎಂಬ ಏಳು ಕಲಂಗಳನ್ನು ಎಳೆದು ಪಂಚಾಯಿತಿ ಕಚೇರಿಯಲ್ಲಿ ಇರಿಸಿದರೆ, ಯಾವ ಮಗು ಎಲ್ಲಿ ನಿಂತಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಸದಸ್ಯರ ಅವಧಿ ಮುಗಿದರೂ ಆ ಪುಸ್ತಕ ಉಳಿಯುತ್ತದೆ. ಖಾಲಿ ಉಳಿದ ಕಲಂ ಕಂಡಾಗಲೆಲ್ಲ ಒಬ್ಬರು ಆ ಮಗುವಿನ ಮನೆಗೆ ಹೋಗಿ ವಿಚಾರಿಸಬೇಕು. ಓದಿ ಬರೆಯುವುದು ಮಗುವಿನ ಹೊಣೆ. ಬರೆದು ಗಳಿಸಿದ್ದು ಅದರ ಕೈಸೇರುವಂತೆ ನೋಡಿಕೊಳ್ಳುವುದು ಊರಿನ ಹೊಣೆ.